ಆಗುಂಬೆ ಘಾಟಿಯ ಆ ರಾತ್ರಿ ಜೊತೆಗಿದ್ದವರಿಗೆ

ಅಪ್ಪಯ್ಯ ಮನೆಗೆ ಬಂದಿದ್ದಾರೆ. ಬರೀ ಬಂದಿದ್ದಲ್ಲ, ನಿನ್ನೆ ಕೋಲು ಹಿಡಿದು ತೋಟದ ತನಕ ಹೋಗಿ, ಔಷಧಿ ಹೊಡೆದಿದ್ದು ಸರಿಯಾಗಿಲ್ಲ, ಕೊಳೆರೋಗ ಬಿದ್ದಿದೆ ಅಂತ ಎಲ್ಲರಿಗೂ ಬೈದು ಬಂದರು. ಬೈಗುಳ ಕೇಳಿ ಇಷ್ಟು ಖುಷಿಪಟ್ಟಿದ್ದು ನಮ್ಮ ಮನೆಯಲ್ಲಿ ಇದೇ ಮೊದಲು. ಇನ್ನು ಬಾಕಿ ಉಳಿದಿರುವುದು ನಿಮಗೆಲ್ಲ ಹೇಳಬೇಕಾದ ಮಾತು.

ಅಪ್ಪಯ್ಯನಿಗೆ ಹಾವು ಕಚ್ಚಿದ್ದು ಹೇಗೆ ಅನ್ನುವುದು ನಿಮಗೆ ಗೊತ್ತೇ ಇದೆ. ಯಾವ ಹಾವು ಅನ್ನುವ ಚರ್ಚೆ ಅಂಗಡಿ ಕಟ್ಟೆಯಲ್ಲಿ ಇನ್ನೂ ನಡೆಯುತ್ತಿದೆಯಂತೆ. ನಡೆಯಲಿ. ಡಾಕ್ಟರಿಗೆ ಅದು ಬೇಕಾಗಲೇ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ನಿಯಮವಿದೆ. ಹಾಗಾಗಿ ಅಪ್ಪಯ್ಯ ಈಗ ಸರ್ಕಾರಿ ಲೆಕ್ಕದಲ್ಲೂ ಸೇರಿದ್ದಾರೆ. ಇದನ್ನು ಬಂದವರಿಗೆಲ್ಲ ಸ್ವಲ್ಪ ಜಂಬದಿಂದಲೇ ಹೇಳುತ್ತಾರೆ.

"ಮೊದಲು ಪಂಡಿತರ ಹತ್ತಿರ ತೋರಿಸೋಣ" ಅನ್ನುವ ಮಾತು ಎದ್ದಾಗ ಉತ್ತರವನ್ನೇ ಕೊಡದೆ ಜೀಪ್ ಸ್ಟಾರ್ಟ್ ಮಾಡಿದ ಪಕ್ಕದ ಮನೆ ಅಣ್ಣ, ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮತ್ತು ನರ್ಸಮ್ಮಂದಿರು, ಮಣಿಪಾಲದ ಐಸಿಯುನವರು, ದುಡ್ಡು ಹೊಂದಿಸಿಕೊಟ್ಟವರು, ಮನೆಯಲ್ಲಿ ದನ ಕರು ನೋಡಿಕೊಂಡವರು, ಎಲ್ಲರಿಗೂ ಕೈ ಮುಗಿಯುತ್ತೇನೆ. ನಿಮ್ಮೆಲ್ಲರನ್ನೂ ಒಂದೇ ಸಾಲಿಗೆ ಸೇರಿಸಿದೆ ಅಂತ ಬೇಜಾರಾಗಬೇಡಿ. ಒಬ್ಬನ ಬಗ್ಗೆ ಜಾಸ್ತಿ ಬರೆಯಬೇಕಿದೆ.

ಅವನು 108 ಗಾಡಿಯ ಇಎಂಟಿ, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವನು. ವಿಜಯಪುರದ ಕಡೆಯ ಹುಡುಗ. ನನ್ನ ತಮ್ಮನಿಗಿಂತಲೂ ಚಿಕ್ಕವನು. ಹೆಸರು ಬರೆಯಲಾ ಅಂತ ಫೋನ್ ಮಾಡಿ ಕೇಳಿದ್ದೆ. "ಬ್ಯಾಡ್ರಿ ಅಕ್ಕಾರ, ಡ್ಯೂಟಿ ಮಾಡೀನಿ ಅಷ್ಟ" ಅಂದ. ಹಾಗಾಗಿ ಹೆಸರಿಲ್ಲ.

ಶೃಂಗೇರಿಯ ತಾಲ್ಲೂಕು ಆಸ್ಪತ್ರೆ ಬಿಟ್ಟು ಮಣಿಪಾಲಕ್ಕೆ ಹೊರಡುವಾಗಲೇ ವಿಷಕ್ಕೆ ಅಪ್ಪಯ್ಯನ ಸ್ವಂತ ಉಸಿರಾಟ ನಿಂತಿತ್ತು. ಗಂಟಲಿಗೆ ಕೊಳವೆ ಹಾಕಿದ್ದರು. ಸಿಕ್ಕ ಗಾಡಿಯಲ್ಲಿ ವೆಂಟಿಲೇಟರ್ ಇರಲಿಲ್ಲ. ಹಾಗಾಗಿ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವ ಚೀಲ) ಒತ್ತುತ್ತಾ ಹೋಗಬೇಕು. ಆರು ಸೆಕೆಂಡಿಗೆ ಒಂದು ಸಲ. ಜಾಸ್ತಿ ಬೇಗವೂ ಇಲ್ಲ, ನಿಧಾನವೂ ಇಲ್ಲ. ನಮ್ಮೂರಿಗೆ 100 ಹಾಸಿಗೆಯ ಆಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ಹಳೆಯದು ಅಂತ ನಿಮಗೆ ಗೊತ್ತು. ಅದು ಬರುವವರೆಗೆ ನಮ್ಮ ಕಡೆಯವರು ಉಸಿರು ಕೈಯಲ್ಲಿ ಹಿಡಿದುಕೊಂಡೇ ಘಾಟಿ ಇಳಿಯಬೇಕು.

ಆಗುಂಬೆ ದಾಟಿ ಕೆಲವೇ ತಿರುವು ಇಳಿದಿದ್ದೆವು. ಮುಂದೆ ಮರ ಬಿದ್ದಿತ್ತು. ಸಣ್ಣ ಮರವಲ್ಲ. ರಸ್ತೆಯ ಈ ಬದಿಯ ಗುಡ್ಡದ ಧರೆಯಿಂದ ಆ ಬದಿಯ ತಡೆಗೋಡೆಯ ತನಕ ಮಲಗಿತ್ತು. ಮಳೆ ಅಂದರೆ ಆಗುಂಬೆಯ ಮಳೆ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಹಿಂದೆ ಹೋಗಿ ಕೆರೆಕಟ್ಟೆ ಮೇಲೆ ಕಾರ್ಕಳಕ್ಕೆ ಇಳಿಯೋಣ ಅಂದರೆ ಆ ರಸ್ತೆಯ ಕಥೆ ಏನಾಗಿದೆಯೋ ಯಾರಿಗೆ ಗೊತ್ತು. ಪೈಲಟ್ ಅಣ್ಣ (108ರಲ್ಲಿ ಡ್ರೈವರನ್ನು ಹಾಗೇ ಕರೆಯುತ್ತಾರೆ) ಒಂದು ಮಾತೂ ಆಡದೆ ಟಾರ್ಚ್ ಹಿಡಿದು ಮೇಲಿನ ಚೆಕ್‌ಪೋಸ್ಟಿಗೆ ನಡೆದುಕೊಂಡು ಹೋದರು. ಗಾಡಿಯೊಳಗೆ ಉಳಿದವರು ಅಪ್ಪಯ್ಯ, ಆ ಹುಡುಗ, ನಾನು.

ಅವನು ಮೊದಲು ಮಾಡಿದ್ದು ಲೆಕ್ಕ. ಗಾಡಿಯಲ್ಲಿ ಇದ್ದದ್ದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್. ಪೂರ್ತಿ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ನಮ್ಮದು ಶೃಂಗೇರಿಯಿಂದಲೇ ಖರ್ಚಾಗುತ್ತಾ ಬಂದಿತ್ತು. ಒಂದು ಕೈ ಬ್ಯಾಗ್ ಒತ್ತುತ್ತಿರುವಾಗಲೇ ಇನ್ನೊಂದು ಕೈಯಲ್ಲಿ ಪೆನ್ ತೆಗೆದು ಗ್ಲೌಸ್ ಮೇಲೆ ಏನೋ ಬರೆದ. ಮೀಟರಿನ ಮುಳ್ಳು ನೋಡಿದ. ನಾನು ಅವನ ಮುಖ ನೋಡುತ್ತಿದ್ದೆ. "ಅಂಜಬ್ಯಾಡ್ರಿ" ಅಂದ. "ಆಕ್ಸಿಜನ್ ಮುಗಿದ್ರೂ ಗಾಳಿ ಅದರಿ, ನಮ್ಮ ಕೈ ಅದಾವ. ಅವರ ಲಂಗ್ಸ್ ಚೊಲೋ ಅದಾವ, ಎಳಕೊಳ್ಳೋ ಶಕ್ತಿ ಅಷ್ಟ ಹೋಗ್ಯದ."

ಆ ಒಂದು ಮಾತು ನನ್ನನ್ನು ನಿಲ್ಲಿಸಿತು. ಅಲ್ಲಿಯವರೆಗೆ ಯಾರೂ ನನಗೆ ಅದನ್ನು ಹಾಗೆ ಬಿಡಿಸಿ ಹೇಳಿರಲಿಲ್ಲ.

ಆಮೇಲೆ ನನಗೂ ಒತ್ತುವುದು ಕಲಿಸಿದ. ಅವನ ಬೆರಳು ಸೆಟೆದುಕೊಂಡಾಗ ನಾನು, ನನ್ನದು ಸೋತಾಗ ಅವನು. ಎಣಿಕೆ ಮಾತ್ರ ನನಗೆ ಬಿಡಲಿಲ್ಲ. ಒಂದು, ಎರಡು, ಮೂರು ಅಂತ ಅವನೇ ಎಣಿಸುತ್ತಿದ್ದ. ಆರಕ್ಕೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಅಪ್ಪಯ್ಯನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟಾಗ ಕಣ್ಣಪಾಪೆ ಅಲುಗಲಿಲ್ಲ. ನಾನು ಅದನ್ನು ನೋಡಬಾರದಿತ್ತು. ನೋಡಿಬಿಟ್ಟೆ.

ಆಗ ನಾನು ಅತ್ತಿದ್ದಲ್ಲ, ಕಿರುಚಿದೆ. ಮಳೆಗೆ, ಮರಕ್ಕೆ, ಆ ರಸ್ತೆಗೆ. ಏನೆಲ್ಲ ಅಂದೆನೋ ನೆನಪಿಲ್ಲ. ದೇವರಿಗೆ ಕೈ ಮುಗಿಯೋಣ ಅಂದರೆ ಕೈ ಖಾಲಿ ಇರಲಿಲ್ಲ. ಈಗಲೂ ರಾತ್ರಿ ಎಚ್ಚರವಾದರೆ ನನ್ನ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಆರು ಎಣಿಸಿಕೊಂಡು.

ಅವನು ಬೈಯಲಿಲ್ಲ, ಸಮಾಧಾನವೂ ಹೇಳಲಿಲ್ಲ. "ಈ ವಿಷಕ್ಕ ಕಣ್ಣು ಹಂಗ ಆಗ್ತಾವ್ರಿ ಅಕ್ಕಾರ. ಕಿವಿ ಕೇಳ್ತಾವ. ಅವರು ಎಲ್ಲಾ ಕೇಳಾಕತ್ತಾರ. ಒದರಬ್ಯಾಡ್ರಿ, ಮಾತಾಡ್ರಿ" ಅಂದ. ಏನು ಮಾತಾಡಲಿ? ನನಗೆ ಒಂದು ಶಬ್ದವೂ ಬರಲಿಲ್ಲ. ಹಾಗಾಗಿ ಅವನೇ ಶುರು ಮಾಡಿದ. ಅಪ್ಪಯ್ಯನ ಕಿವಿಯ ಹತ್ತಿರ ಬಗ್ಗಿ ತನ್ನೂರಿನ ಸುದ್ದಿ ಹೇಳಿದ. ಜೋಳದ ಹೊಲ, ಮಳೆ ಕೈಕೊಟ್ಟ ವರ್ಷ, ತಂಗಿಗೆ ಗಂಡು ನೋಡುತ್ತಿರುವುದು. ಒಂದು ಕಡೆ ಮಾತುಕತೆ ಅರ್ಧಕ್ಕೆ ನಿಂತಿದೆಯಂತೆ. ಹುಡುಗನ ಕಡೆಯವರು ಬಂಗಾರ ಜಾಸ್ತಿ ಕೇಳಿದ್ದಾರಂತೆ. "ಏನ್ ಮಾಡೂಣ್ರಿ ಅಪ್ಪಾರ, ನೀವ ಹೇಳ್ರಿ" ಅಂತ ಕೇಳುತ್ತಿದ್ದ. ನಡುವೆ ನಾಲ್ಕು, ಐದು, ಆರು.

ಮರ ಕಡಿದದ್ದು ಅಗ್ನಿಶಾಮಕ ದಳದವರು. ಚೆಕ್‌ಪೋಸ್ಟಿನಿಂದ ಸುದ್ದಿ ಹೋಗಿ ಅವರ ಗಾಡಿ ಬಂತು. ಬೆಂಕಿ ಬಿದ್ದರೆ ಮಾತ್ರ ಬರುವವರು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಅವರ ಇಲಾಖೆಯ ಹೆಸರಲ್ಲೇ "ಮತ್ತು ತುರ್ತು ಸೇವೆಗಳು" ಅಂತ ಇದೆ. ಬಾವಿಗೆ ಬಿದ್ದ ದನ ಎತ್ತುವುದೂ ಅವರೇ, ನೆರೆಯಲ್ಲಿ ದೋಣಿ ಹಾಕುವುದೂ ಅವರೇ. ಆ ಮಳೆಯಲ್ಲಿ ಮಿಷನ್ ಗರಗಸ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜಾರುವ ಧರೆಯ ಕಡೆಯಿಂದ ಕೊಯ್ದರು. ಮರದ ಆಚೆ ಸಾಲುಗಟ್ಟಿದ್ದ ಕಾರಿನವರು ಇಳಿದು ಬಂದು ದಿಮ್ಮಿ ಉರುಳಿಸಿದರು. ಆಮೇಲೆ ಆ ಕಡಿದಾದ ತಿರುವಿನಲ್ಲಿ ಒಬ್ಬೊಬ್ಬರೇ ರಿವರ್ಸ್ ಹೋಗಿ ನಮಗೆ ದಾರಿ ಮಾಡಿಕೊಟ್ಟರು. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿದೆ. ಆ ಕತ್ತಲಲ್ಲಿ ದಂಡ ಹಾಕುವವರು ಯಾರೂ ಇರಲಿಲ್ಲ. ನಿಮ್ಮಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಇದನ್ನು ಓದುತ್ತಿದ್ದರೆ, ನಿಮಗೆ ನಮ್ಮ ಮನೆಯ ಬಾಗಿಲು ಯಾವಾಗಲೂ ತೆಗೆದಿದೆ.

ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹಡಗು ಸ್ಫೋಟವಾಗಿ ಪ್ರಾಣ ಬಿಟ್ಟ ಸಿಬ್ಬಂದಿಯ ನೆನಪಿಗೆ ಅದನ್ನು ಆಚರಿಸುತ್ತಾರೆ. ಬರುವ ವರ್ಷ ಅವತ್ತು ಠಾಣೆಗೆ ಹೋಗುವುದು ಅಂತ ಅಪ್ಪಯ್ಯ ಈಗಲೇ ತೀರ್ಮಾನಿಸಿದ್ದಾರೆ. ಹಾರ ಗೀರ ಬೇಡ, ಒಂದು ಗೊನೆ ಬಾಳೆಹಣ್ಣು ಸಾಕಂತೆ.

ಹೆಬ್ರಿ ದಾಟಿದ ಮೇಲಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಮಣಿಪಾಲದಲ್ಲಿ ಸ್ಟ್ರೆಚರ್ ಒಳಗೆ ಹೋದ ಮೇಲೆ ಆ ಹುಡುಗ ಗೋಡೆಗೆ ಒರಗಿ ಕೂತ. ಅವನ ಬೆರಳು ಬಿಡಿಸಲು ಬರುತ್ತಿರಲಿಲ್ಲ. ಚಹಾದ ಲೋಟವನ್ನು ಪೈಲಟ್ ಅಣ್ಣನೇ ಅವನ ಬಾಯಿಗೆ ಹಿಡಿದರು. ಕುಡಿದು ಎದ್ದ. ಅವನ ಶಿಫ್ಟ್ ಇನ್ನೂ ಮುಗಿದಿರಲಿಲ್ಲ. ಹನ್ನೆರಡು ಗಂಟೆಯ ಶಿಫ್ಟ್ ಅದು. ಸಂಬಳ ತಡವಾಯಿತು ಅಂತ 108 ನೌಕರರು ಮುಷ್ಕರದ ಮಾತಾಡುವ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಮುಂದಿನ ಸಲ ಬಂದಾಗ ದಯವಿಟ್ಟು ಪೂರ್ತಿ ಓದಿ. ನಿಮ್ಮ ಶಾಸಕರು ಸಿಕ್ಕರೆ ಕೇಳಿ.

ಇನ್ನೊಂದು ವಿಷಯ. ಗಂಟಲಿನ ಕೊಳವೆ ತೆಗೆದ ಮೇಲೆ ಅಪ್ಪಯ್ಯನ ದನಿ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ಹತ್ತಿರ ಹೋದರು, ನಾನು ಹೋದೆ. ನಮ್ಮಿಬ್ಬರನ್ನೂ ನೋಡಿ ಅವರು ಕೇಳಿದ್ದು ಒಂದೇ: "ಆ ಮಾಣಿ ತಂಗಿ ಮದುವೆ ಏನಾಯ್ತೇ?"

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಎಲ್ಲ ಕೇಳಿಸಿತ್ತು ಅವರಿಗೆ. ಜೋಳದ ಹೊಲ, ಬಂಗಾರದ ಲೆಕ್ಕ, ನಾನು ಕಿರುಚಿದ್ದು ಕೂಡ. ಅದರ ಬಗ್ಗೆ ಮಾತ್ರ ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಆ ಹುಡುಗನಿಗೆ ಫೋನ್ ಹಚ್ಚಿಸಿ, "ಬಂಗಾರ ಕೇಳೋ ಮನೆ ಬೇಡ ಕಣೋ" ಅಂತ ಅವನು ಅವತ್ತು ಕೇಳಿದ್ದಕ್ಕೆ ಉತ್ತರ ಕೊಟ್ಟರು. ಬೇರೆ ಕಡೆ ನಿಶ್ಚಯವಾಗಿದೆಯಂತೆ. ಮದುವೆಗೆ ಕರೆದಿದ್ದಾನೆ. ವಿಜಯಪುರಕ್ಕೆ ರೈಲಿನಲ್ಲಿ ಹೋಗುವುದೋ ಬಸ್ಸಿನಲ್ಲೋ ಅಂತ ಮನೆಯಲ್ಲಿ ಈಗ ಅದೇ ಚರ್ಚೆ.

ಕೊನೆಗೆ ಒಂದು ಕೆಲಸದ ಮಾತು. ಆಸ್ಪತ್ರೆಗೆ ಊಟ ಕಳಿಸಿದ ಸ್ಟೀಲ್ ಡಬ್ಬಿಗಳು ನಮ್ಮ ಅಡುಗೆಮನೆಯಲ್ಲಿ ಸಾಲಾಗಿ ಕೂತಿವೆ. ಕೆಲವಕ್ಕೆ ಹೆಸರಿದೆ, ಜಾಸ್ತಿ ಡಬ್ಬಿಗಳಿಗೆ ಇಲ್ಲ. ಅಮ್ಮ ಖಾಲಿ ಡಬ್ಬಿ ವಾಪಸ್ ಕೊಡುವವರಲ್ಲ, ಗೊತ್ತಲ್ಲ. ಈ ಭಾನುವಾರ ಚಕ್ಕುಲಿ ಕರಿಯುತ್ತಿದ್ದಾರೆ. ಬಂದು ನಿಮ್ಮ ನಿಮ್ಮ ಡಬ್ಬಿ ಗುರುತು ಹಿಡಿದು ತಗೊಂಡು ಹೋಗಿ. ಹಸಿರು ಮುಚ್ಚಳದ ದೊಡ್ಡದು ಯಾರದ್ದು ಅಂತ ಮೊದಲೇ ಫೋನ್ ಮಾಡಿ ತಿಳಿಸಿ, ಅದಕ್ಕೆ ಈಗಾಗಲೇ ಇಬ್ಬರು ಹಕ್ಕುದಾರರು ಹುಟ್ಟಿಕೊಂಡಿದ್ದಾರೆ.