ಮಾಧ್ಯಮದ ಬಗ್ಗೆಯೇ ಬರೆಯುವವರಿಗೆ ಜಾಗ ಕೊಡಿ

ಸಂಪಾದಕರೇ,

ನನ್ನ ತಂಗಿಯ ಮಗಳು ಇಲ್ಲೇ ಮುಂಬಯಿಯಲ್ಲಿ ಪತ್ರಿಕೋದ್ಯಮ ಓದಿ ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಅವಳಿಗೆ ಸಿನಿಮಾ ಬೇಡ, ಕ್ರೈಂ ಬೇಡ. ಪತ್ರಿಕೆ, ಚಾನೆಲ್‌ಗಳು ಹೇಗೆ ನಡೆಯುತ್ತವೆ ಅನ್ನೋದನ್ನೇ ವರದಿ ಮಾಡಬೇಕು. ಹೋದಲ್ಲೆಲ್ಲ ಒಂದೇ ಉತ್ತರ: "ಅಂಥ ಬೀಟ್ ನಮ್ಮಲ್ಲಿಲ್ಲಮ್ಮ." (ಬೀಟ್ ಅಂದರೆ ಒಬ್ಬ ವರದಿಗಾರರಿಗೆ ಒಪ್ಪಿಸಿದ ವಿಷಯ.)

ಯಾಕಿಲ್ಲ? ಪೊಲೀಸರ ಮೇಲೆ, ಪಾಲಿಕೆಯ ಮೇಲೆ ಕಣ್ಣಿಡೋಕೆ ವರದಿಗಾರರಿದ್ದಾರೆ. ಸುದ್ದಿಮನೆ ಮೇಲೆ ಯಾರಿದ್ದಾರೆ?

2009ರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆ ನೆನಪಿರಬಹುದು. ದೊಡ್ಡ ನಾಯಕರೊಬ್ಬರನ್ನು ಹೊಗಳುವ ಒಂದೇ ಬರಹ, ಒಂದಕ್ಕೊಂದು ಪೈಪೋಟಿ ಮಾಡುವ ಮೂರು ಮರಾಠಿ ಪತ್ರಿಕೆಗಳಲ್ಲಿ ಪದಪದವೂ ಹಾಗೇ ಅಚ್ಚಾಗಿತ್ತು. ಅದು ಜಾಹೀರಾತು ಅಂತ ಓದುಗರಿಗೆ ಎಲ್ಲೂ ಹೇಳಿರಲಿಲ್ಲ. ಪತ್ರಕರ್ತ ಪಿ. ಸಾಯಿನಾಥ್ ಅದನ್ನು 'ದಿ ಹಿಂದೂ'ನಲ್ಲಿ ಬಯಲು ಮಾಡಿದರು. ಆಮೇಲೆ ಆ ನಾಯಕರ ಖರ್ಚಿನ ಲೆಕ್ಕವನ್ನೂ ತೆಗೆದು ತೋರಿಸಿದರು: ಪುಟಗಟ್ಟಲೆ ಹೊಗಳಿಕೆ ಬಂದ ಆ ಚುನಾವಣೆಯಲ್ಲಿ ಪತ್ರಿಕಾ ಜಾಹೀರಾತಿಗೆ ಅಂತ ಬರೆದಿದ್ದು ಬರೀ 5,379 ರೂಪಾಯಿ! ಹೀಗೆ ಕಾಸಿಗಾಗಿ ಹಾಕುವ ಸುದ್ದಿಯ ಬಗ್ಗೆ, ಪತ್ರಿಕೆಗಳ ನಡತೆ ನೋಡಿಕೊಳ್ಳುವ ಪ್ರೆಸ್ ಕೌನ್ಸಿಲ್‌ನ ಇಬ್ಬರು ಸದಸ್ಯರು 2010ರಲ್ಲಿ ಪತ್ರಿಕೆಗಳ ಹೆಸರು ಹಿಡಿದೇ 71 ಪುಟದ ವರದಿ ಬರೆದರೆ, ಕೌನ್ಸಿಲ್ ಮೊದಲು ಹೊರಗೆ ಬಿಟ್ಟಿದ್ದು ಹೆಸರುಗಳಿಲ್ಲದ ಸಣ್ಣ ವರದಿಯನ್ನು; ಪೂರ್ತಿ ವರದಿ ಜನರಿಗೆ ಸಿಗಬೇಕಾದರೆ ಮಾಹಿತಿ ಹಕ್ಕಿನ ಆದೇಶವೇ ಬರಬೇಕಾಯಿತು. ಆ ಕೌನ್ಸಿಲ್ ಆದರೂ ಛೀಮಾರಿ ಹಾಕಬಹುದೇ ಹೊರತು ದಂಡ ಹಾಕುವಂತಿಲ್ಲ, ಟಿವಿ ಅಂತೂ ಅದರ ವ್ಯಾಪ್ತಿಗೇ ಬರೋದಿಲ್ಲ. ಹಾಗಾಗಿ ಈ ಕೆಲಸ ವರದಿಗಾರರೇ ಮಾಡಬೇಕು, ಅಲ್ವಾ?

ಪತ್ರಕರ್ತೆ ಸೇವಂತಿ ನೈನನ್ 2001ರಲ್ಲಿ ಮಾಧ್ಯಮಗಳ ಮೇಲೆ ಕಣ್ಣಿಡುವ 'ದಿ ಹೂಟ್' ಅನ್ನೋ ವೆಬ್‌ಸೈಟ್ ಶುರು ಮಾಡಿ ವರ್ಷಗಟ್ಟಲೆ ಇದನ್ನೇ ಮಾಡಿದರು. ಆದರೆ ಹೊಸಬರಿಗೆ ಇದು ತುಂಬಾ ಕಷ್ಟದ ದಾರಿ. ಇವತ್ತು ಯಾವ ಪತ್ರಿಕೆಯ ತಪ್ಪು ಬರೆದೆವೋ ನಾಳೆ ಅಲ್ಲೇ ಕೆಲಸ ಕೇಳಬೇಕಾಗಬಹುದು. ಜೊತೆಗೆ ಚಹಾ ಕುಡಿದವರೇ ಮಾತು ಬಿಡುತ್ತಾರೆ. ಹಿಂದೆ ನಿಲ್ಲುವ ಸಂಪಾದಕರಿಲ್ಲದಿದ್ದರೆ ಹುಡುಗಿ ಎಷ್ಟು ದಿನ ತಡೆದಾಳು?

ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಡೊಂಬಿವಲಿ ಲೋಕಲ್‌ನಲ್ಲಿ ಜೋತುಬಿದ್ದುಕೊಂಡೇ ಕನ್ನಡ ಪೇಪರ್ ಓದುವವರು ನಾವು, ಸುಮ್ನೆ ತಿರುವಿಹಾಕುವವರಲ್ಲ. ವಾರಕ್ಕೆ ಅರ್ಧ ಪುಟ ಇದಕ್ಕೆ ಕೊಡಿ, ಅದಕ್ಕೊಬ್ಬರು ಸಂಬಳದ ವರದಿಗಾರರನ್ನು ಇಡಿ, ನಿಮ್ಮ ಪತ್ರಿಕೆಯ ಬಗ್ಗೆ ಬರೆದರೂ ಕತ್ತರಿ ಹಾಕಬೇಡಿ. ಮೊದಲ ವಾರ ನಿಮ್ಮದೇ ಪುರವಣಿಗಳಲ್ಲಿ ಯಾವುದು ಸುದ್ದಿ, ಯಾವುದು ದುಡ್ಡು ಕೊಟ್ಟು ಹಾಕಿಸಿದ್ದು ಅಂತ ಬರೆಸಿ.

– ಒಬ್ಬ ಓದುಗ, ಡೊಂಬಿವಲಿ