ದಾರಿ ಸವರಿದವರಿಗೆ ಸವಾರಿ

ಚಿರಂಜೀವಿ ಕೂಸಿಗೆ ಆಯಿಯ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಅಪ್ಪಯ್ಯ ಅಡಿಕೆಯ ಕೊನೆಕೊಯ್ಲಿಗೆ ಆಳು ಹೊಂದಿಸುವ ಗಡಿಬಿಡಿಯಲ್ಲಿದ್ದಾರೆ. ಡಿಸೆಂಬರ್ ಕೊನೆಯ ವಾರ ಕಚೇರಿಯ ಎಂಟು ಮಂದಿ ಸ್ನೇಹಿತರೊಡನೆ ಬಂದು, ನಮ್ಮ ಸವಾರಿ ಬಳಗದ ಕುದುರೆಗಳನ್ನೇರಿ ಎರಡು ದಿನ ಕಾಡುದಾರಿಯಲ್ಲಿಯೂ ಒಂದು ದಿನ ಸಮುದ್ರದ ದಂಡೆಯಲ್ಲಿಯೂ ತಿರುಗಬೇಕೆಂದು ನೀನು ಬರೆದದ್ದನ್ನು ಕಳೆದ ಭಾನುವಾರದ ಸಭೆಯಲ್ಲಿ ಓದಿ ಹೇಳಿದೆ. ಬಳಗದ ಲೆಕ್ಕಪತ್ರ ನೋಡುವವಳು ನಾನೇ ಆಗಿರುವುದರಿಂದ ಉತ್ತರ ಬರೆಯುವ ಹೊಣೆಯೂ ನನಗೇ ಬಂತು. ಧಾರಾಳವಾಗಿ ಬನ್ನಿರೆಂಬುದೇ ಎಲ್ಲರ ಮಾತು. ಆದರೆ ಮಳೆಗಾಲ ಕಳೆದ ಮೇಲೆ ದಾರಿ ಸವರುವ, ಅಂದರೆ ಬೆಳೆದ ಗಿಡಬಳ್ಳಿ ಕಡಿದು ದಾರಿ ಬಿಡಿಸುವ ಕೆಲಸಕ್ಕೆ ಬಂದವರಿಗೆ ಮಾತ್ರ ಆ ವರ್ಷದ ಸವಾರಿಯೆಂಬ ಕಟ್ಟುಪಾಡನ್ನು ನಿಮಗೋಸ್ಕರ ಸಡಿಲಿಸುವುದಕ್ಕೆ ಯಾರೂ ಒಪ್ಪಲಿಲ್ಲ. ಒಪ್ಪದಿದ್ದವರಲ್ಲಿ ನಾನೂ ಒಬ್ಬಳು. ತಲೆಗಿಷ್ಟೆಂದು ಹಣ ಕೊಡುತ್ತೇವೆ ಎಂದು ನೀನು ಬರೆದಿದ್ದೀಯಲ್ಲ, ಅದನ್ನಂತೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಹೋಗುವ ದಾರಿಯಲ್ಲಿ ಅರ್ಧಕ್ಕರ್ಧ ಯಾರದೋ ತೋಟದ ಅಂಚು, ಯಾರದೋ ಹುಲ್ಲು ಬೆಳೆಯುವ ಬೇಣ, ಯಾರದೋ ಸೊಪ್ಪಿನ ಬೆಟ್ಟ. ಅವರು ಬೇಲಿಯ ದಣಪೆ ಸರಿಸಿ ಒಳಗೆ ಬಿಡುತ್ತಿರುವುದು ಊರಿನವರೆಂಬ ಸಲುಗೆಯಿಂದ. ನಾವು ಹಣಕ್ಕೆ ಕುದುರೆ ಹತ್ತಿಸುವವರಾದೆವೆಂದು ತಿಳಿದ ದಿನ ಆ ದಣಪೆಗಳಿಗೆ ಬೀಗ ಬೀಳುತ್ತದೆ, ಬೀಳಬೇಕಾದದ್ದೂ ಸರಿಯೇ.

ಮಳೆಗಾಲದ ನಾಲ್ಕು ತಿಂಗಳಲ್ಲಿ ನಮ್ಮ ಕಡೆಯ ಕಾಲುದಾರಿ ಏನಾಗುತ್ತದೆಂಬುದನ್ನು ಬೆಂಗಳೂರಿನ ಮರಳು ಹಾಸಿದ ಅಂಗಳದಲ್ಲಿ ಸವಾರಿ ಕಲಿತವರಿಗೆ ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ. ಘಟ್ಟದ ಅಂಚಿಗೆ ಹೋದಂತೆಲ್ಲ ಅದು ಇನ್ನೂ ಹೆಚ್ಚು. ಹೇರೆತ್ತುಗಳ ಮೇಲೆ ಮೆಣಸು ಇಳಿದು ಉಪ್ಪು ಹತ್ತುತ್ತಿದ್ದ ಕಾಲದ ದಾರಿಗಳ ಮೇಲೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮನುಷ್ಯರ ಕಾಲು ಬೀಳದಿದ್ದರೆ ಬೆತ್ತದ ಬಳ್ಳಿಯೂ ಬಿದಿರಿನ ಮುಳ್ಳೂ ಅವನ್ನು ಎರಡೂ ಬದಿಯಿಂದ ಹೊಲಿದುಬಿಡುತ್ತವೆ. ಚಾರಣಕ್ಕೆ ಬರುವ ಹುಡುಗರು ತಮ್ಮ ತಲೆಯ ಮಟ್ಟಕ್ಕೆ ಕೊಂಬೆ ಕಡಿದು ಮುಂದೆ ಹೋಗುತ್ತಾರೆ. ಕುದುರೆಯ ಮೇಲೆ ಕುಳಿತವರ ತಲೆ ನೆಲದಿಂದ ಎಂಟು ಅಡಿ ಎತ್ತರದಲ್ಲಿರುತ್ತದೆ. ಏರಿನಲ್ಲಿ ಕುದುರೆ ಕತ್ತೆತ್ತಿ ಜಿಗಿದರೆ ಇನ್ನೂ ಒಂದಡಿ ಮೇಲೆ. ಆದ್ದರಿಂದ ಹತ್ತು ಅಡಿಯವರೆಗೆ ದೋಟಿಗೆ ಕತ್ತಿ ಕಟ್ಟಿ ಸವರಬೇಕು, ಕಡಿದದ್ದನ್ನು ದಾರಿಯ ಮೇಲೆ ಬಿಡದೆ ಇಳಿಜಾರಿನ ಕೆಳಬದಿಗೆ ಎಳೆದು ಹಾಕಬೇಕು, ಚೂಪಾಗಿ ಕಡಿದ ಬಿದಿರಿನ ಬುಡ ನೆಲಮಟ್ಟಕ್ಕಿಂತ ಮೇಲೆ ನಿಲ್ಲದಂತೆ ನೋಡಿಕೊಳ್ಳಬೇಕು. ಅಂಥ ಬುಡವೊಂದು ಗೊರಸಿನ ಮೆತ್ತನೆಯ ಭಾಗಕ್ಕೆ ಚುಚ್ಚಿದರೆ ಆ ಕುದುರೆ ತಿಂಗಳುಗಟ್ಟಲೆ ಲಾಯದಲ್ಲಿ ನಿಂತುಬಿಡುತ್ತದೆ. ದೊಡ್ಡ ಮರ ಅಡ್ಡ ಬಿದ್ದಿದ್ದರೆ ಅದಕ್ಕೆ ಕೊಡಲಿ ಹಾಕುವ ಹಕ್ಕು ನಮಗಿಲ್ಲ. ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿ ಕಾಯಬೇಕು, ಇಲ್ಲವೆ ಬಳಸಿಕೊಂಡು ಹೋಗಬೇಕು.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ನೀರಿನ ಕೆಲಸ. ಇಳಿಜಾರಿನಲ್ಲಿ ಗೊರಸು ತುಳಿದ ಜಾಡಿನಲ್ಲೇ ಮಳೆನೀರು ಹರಿದು ಎರಡೇ ವರ್ಷದಲ್ಲಿ ದಾರಿ ಮೊಣಕಾಲುದ್ದದ ಕೊರಕಲಾಗುತ್ತದೆ. ಆಮೇಲೆ ಕುದುರೆಗಳು ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ಜಾಡು ತುಳಿಯುತ್ತವೆ, ಅದೂ ಕೊರಕಲಾಗುತ್ತದೆ. ಇದನ್ನು ತಪ್ಪಿಸಲು ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹೂತು ನೀರನ್ನು ಬದಿಯ ಕಾಡಿಗೆ ತಿರುಗಿಸುತ್ತೇವೆ. ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಬಗ್ಗಿ ಮಾಡುವ ಕೆಲಸ ಇದು. ಫೋಟೋ ತೆಗೆದರೆ ಏನೂ ಕಾಣುವುದಿಲ್ಲ.

ಹಳ್ಳ ದಾಟುವುದನ್ನೂ ಹೇಳಿಬಿಡುತ್ತೇನೆ. ಅಡಿಕೆ ಮರದ ಕಾಂಡ ಜೋಡಿಸಿ ಕಟ್ಟಿದ ಸಂಕದ ಮೇಲೆ ನೀವು ಚಿಕ್ಕಂದಿನಿಂದ ಓಡಾಡಿದವರು, ಆದರೆ ಕುದುರೆಯನ್ನು ಅದರ ಮೇಲೆ ಹತ್ತಿಸುವಂತಿಲ್ಲ, ನೀರಿಗೇ ಇಳಿಸಬೇಕು. ಕಳೆದ ವರ್ಷ ನಮ್ಮ ಗಂಗೆ ಎಂಬ ಹೆಣ್ಣು ಕುದುರೆ ಮೊದಲ ಬಾರಿಗೆ ಹರಿಯುವ ಹಳ್ಳ ಕಂಡು, ಎರಡೂ ಕಿವಿ ಮುಂದೆ ನೆಟ್ಟು, ಮೂಗಿನ ಹೊಳ್ಳೆ ಅರಳಿಸಿ ಬುಸುಗುಟ್ಟುತ್ತ ದಡದಲ್ಲಿಯೇ ನಿಂತುಬಿಟ್ಟಿತು. ಯಾರೂ ಛಡಿ ಎತ್ತಲಿಲ್ಲ. ಅನುಭವಸ್ಥ ಕುದುರೆಯೊಂದನ್ನು ಮುಂದೆ ದಾಟಿಸಿ ಆಚೆ ದಡದಲ್ಲಿ ನಿಲ್ಲಿಸಿ, ಗಂಗೆಗೆ ತಲೆ ತಗ್ಗಿಸುವಷ್ಟು ಲಗಾಮು ಸಡಿಲ ಬಿಟ್ಟರು. ಅದು ನೀರನ್ನು ಮೂಸಿತು, ಮುಂಗಾಲಿನಿಂದ ಒಮ್ಮೆ ಕೆರೆಯಿತು, ಸ್ವಲ್ಪ ಕುಡಿಯಿತು, ಆಮೇಲೆ ಒಂದೊಂದೇ ಕಾಲಿಟ್ಟು ನಡುನೀರಿಗೆ ಬಂತು. ಅಲ್ಲಿ ನಿಂತು ಮತ್ತೆ ಮತ್ತೆ ನೀರು ಬಡಿಯತೊಡಗಿದಾಗ ಹಿರಿಯರೊಬ್ಬರು ಕೂಗಿಕೊಂಡರು, ಏಕೆಂದರೆ ಹಾಗೆ ಬಡಿಯುವ ಕುದುರೆ ಮರುಕ್ಷಣ ಮಡಚಿ ಮಲಗಿ ಜೀನಿನ ಸಮೇತ ಹೊರಳುವುದುಂಟು. ಮೇಲಿದ್ದ ಹುಡುಗ ಸಕಾಲಕ್ಕೆ ಹಿಮ್ಮಡಿ ಒತ್ತಿದ್ದರಿಂದ ಮೊಣಕಾಲಿನವರೆಗೆ ಮಾತ್ರ ನೆನೆದ. ಒಂದು ಹಳ್ಳಕ್ಕೆ ಅಷ್ಟು ಹೊತ್ತು ಕಾಯುವ ತಾಳ್ಮೆ ನಿನ್ನ ಸ್ನೇಹಿತರಿಗೆ ಇದೆಯೇ ಎಂದು ಮೊದಲೇ ಕೇಳಿಕೋ.

ಈ ಹವೆ ಕುದುರೆಗೆ ಒಗ್ಗುವುದಲ್ಲವೆಂಬುದು ಹಳೆಯ ಸಂಗತಿಯೇ. ಅದಕ್ಕೇ ವಿಜಯನಗರದ ಕಾಲದಲ್ಲಿ ನಮ್ಮ ಜಿಲ್ಲೆಯ ಭಟ್ಕಳ, ಹೊನ್ನಾವರದ ಬಂದರುಗಳಿಗೆ ಅರಬ್ಬಿ ಸಮುದ್ರದ ಆಚೆಯಿಂದ, ಹೊರ್ಮುಜ್ ಕಡೆಯಿಂದ ಹಡಗುಗಳಲ್ಲಿ ಕುದುರೆಗಳು ಬರುತ್ತಿದ್ದವು. ಇಲ್ಲಿಂದ ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. 1485ರಲ್ಲಿ ಪಟ್ಟಕ್ಕೆ ಬಂದ ಸಾಳುವ ನರಸಿಂಹ ಸಾವಿರ ಚಿನ್ನದ ನಾಣ್ಯಕ್ಕೆ, ಅಂದರೆ ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ನಮ್ಮ ಖರ್ಚಿನ ಪುಸ್ತಕ ಬರೆಯುವಾಗಲೆಲ್ಲ ಆ ಅರಸನ ಖಜಾಂಚಿಯ ಗತಿ ನೆನಪಾಗುತ್ತದೆ.

ಮಳೆಗಾಲದಲ್ಲಿ ನಮ್ಮ ದೊಡ್ಡ ಚಿಂತೆಯೆಂದರೆ ಗೊರಸು. ಗೊರಸಿನ ಅಡಿಯಲ್ಲಿ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿದೆ. ಅದರ ಎರಡೂ ಬದಿಯ ಸಂದಿನಲ್ಲಿ ಕೆಸರೂ ಲದ್ದಿಯೂ ಸಿಕ್ಕಿಕೊಂಡು ಉಳಿದರೆ ಕೊಳೆತು ಕಪ್ಪು ರಸ ಒಸರುತ್ತದೆ, ಆ ನಾತ ಒಮ್ಮೆ ಮೂಗಿಗೆ ಬಡಿದವರು ಜನ್ಮದಲ್ಲಿ ಮರೆಯುವುದಿಲ್ಲ. ದಿನವೂ ನಾಲ್ಕೂ ಕಾಲು ಎತ್ತಿ ಕೊಕ್ಕೆಯಿಂದ ಸಂದು ಬಿಡಿಸಿ, ತೊಳೆದು ಒಣಗಿಸಿ, ಕೊಳೆ ಹಿಡಿದಲ್ಲಿ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮೈಲುತುತ್ತದ ನೀರು ಹಚ್ಚುತ್ತೇವೆ; ಅಡಿಕೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಮೈಲುತುತ್ತಕ್ಕೇನು ಕೊರತೆ? ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ತೆಗೆದು, ಬೆಳೆದ ಗೊರಸನ್ನು ಕೆತ್ತಿ, ಮತ್ತೆ ಹೊಡೆಸಬೇಕು. ಲಾಳ ಹೊಡೆಯುವವರು ಬಯಲುಸೀಮೆಯಿಂದ ಬರಬೇಕಾದ್ದರಿಂದ ಅವರು ಬರುವ ದಿನ ಎಲ್ಲ ಕುದುರೆಗಳನ್ನೂ ಒಂದೇ ಕಡೆ ಕೂಡಿಹಾಕಿ, ಹಿಡಿದು ನಿಲ್ಲುವ ಪಾಳಿ ಹಾಕಿಕೊಳ್ಳುತ್ತೇವೆ. ಬಳಗದಲ್ಲಿ ಸಂಬಳದವರು ಯಾರೂ ಇಲ್ಲ. ಮೇವಿನದೂ ಹೀಗೆಯೇ ಕೈಬದಲು: ಬೇಣ ಇರುವವರು ಒಣಹುಲ್ಲು ಕೊಡುತ್ತಾರೆ, ಲದ್ದಿಯನ್ನು ತಮ್ಮ ತೋಟಕ್ಕೆ ಒಯ್ಯುತ್ತಾರೆ. ಒಂದು ಕುದುರೆಗೆ ದಿನಕ್ಕೆ ಅದರ ಮೈತೂಕದ ನೂರಕ್ಕೆ ಎರಡು ಪಾಲಿನಷ್ಟಾದರೂ ಒಣಮೇವು ಬೇಕು. 300 ಕಿಲೋದ ಕುದುರೆಗೆ ಆರು ಕಿಲೋ, ಅದರ ಮೇಲೆ ಬೇಯಿಸಿದ ಹುರುಳಿ.

ತಿನ್ನಿಸುವ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಸೋಂದೆ ಮಠದ ವಾದಿರಾಜರು ತಲೆಯ ಮೇಲೆ ಹರಿವಾಣವಿಟ್ಟುಕೊಂಡು ಕುಳಿತರೆ ಬಿಳಿಯ ಕುದುರೆಯ ರೂಪದಲ್ಲಿ ಹಯಗ್ರೀವ ದೇವರೇ ಬಂದು ಕಡಲೆಬೇಳೆ, ಬೆಲ್ಲದ ಮಡ್ಡಿಯನ್ನು ತಿನ್ನುತ್ತಿದ್ದನೆಂಬ ಕಥೆ ನಮ್ಮ ಕಡೆ ಮನೆಮಾತು. ಆ ಭಕ್ತಿಯಿಂದಲೋ ಏನೋ, ದಾರಿಯಲ್ಲಿ ಸಿಕ್ಕವರೆಲ್ಲ ಪ್ರಸಾದ, ಬಾಳೆಹಣ್ಣಿನ ಗೊನೆ, ಅನ್ನದ ಉಂಡೆ ತಂದು ಬಾಯಿಗೆ ಹಿಡಿಯುತ್ತಾರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಕೆಟ್ಟರೆ ಶೂಲೆ ಬಂದು ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಸತ್ತರೂ ಸತ್ತಿತು. ಬೇಲಿಯ ಕಣಗಿಲೆಯಂತೂ ವಿಷವೇ. ಕೊಡಬಂದವರ ಮನಸ್ಸು ನೋಯದಂತೆ ಬೇಡವೆನ್ನುವ ಕೆಲಸಕ್ಕೆಂದೇ ನಾವು ಒಬ್ಬರನ್ನು ಕಾಲ್ನಡಿಗೆಯಲ್ಲಿ ಮುಂದೆ ಕಳಿಸುತ್ತೇವೆ. ಹೆಚ್ಚಾಗಿ ಆ ಪಾಳಿ ನನ್ನದೇ.

ಕಾಡುದಾರಿ ಯಾವುದೆಂದು ಈಗಲೇ ಹೇಳಲಾಗದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಪಕ್ಕದ ಸಿದ್ದಾಪುರ ತಾಲೂಕಿನಲ್ಲಿಯೂ ಜೀವ ತೆಗೆದಿದೆ. ಉಣುಗಿನಿಂದ ಹರಡುವ ಈ ಜ್ವರದ ಕಾಲವೇ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಮ್ಮ ಸವಾರಿಯ ಕಾಲವೇ. ಎಲ್ಲಿಯಾದರೂ ಮಂಗ ಸತ್ತು ಬಿದ್ದ ಸುದ್ದಿಯನ್ನು ಆಶಾ ಕಾರ್ಯಕರ್ತೆಯರು ತಿಳಿಸಿದರೆ ಆ ಕಡೆಯ ದಾರಿಯನ್ನು ಬಳಗ ಆ ವರ್ಷಕ್ಕೆ ಬಿಟ್ಟೇಬಿಡುತ್ತದೆ, ಎಷ್ಟು ಬೆವರು ಹರಿಸಿ ಸವರಿದ್ದರೂ ಸರಿ. ಉಳಿದ ಕಡೆ ಹೋಗುವಾಗ ಆರೋಗ್ಯ ಕೇಂದ್ರದಿಂದ ತಂದ, ಉಣುಗು ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ತುಂಬುತೋಳಿನ ಅಂಗಿ ತೊಟ್ಟು, ಹಿಂದಿರುಗಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಕುದುರೆಯ ಕಿವಿಯೊಳಗೆ, ಬಾಲದ ಬುಡದಲ್ಲಿ ಬೆರಳಾಡಿಸಿ ಉಣುಗು ಹೆಕ್ಕಬೇಕು. ಇದು ಮುಗಿಯುವ ಮೊದಲು ಯಾರಿಗೂ ಚಹಾ ಇಲ್ಲ.

ಸಮುದ್ರ ದಂಡೆಯ ನಾಗಾಲೋಟದ ಕನಸಿಗೆ ನಾನು ಅಷ್ಟಾಗಿ ಒಲಿದವಳಲ್ಲ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್, ದೇವಿಮನೆ ಘಟ್ಟದ ತಿರುವುಗಳಲ್ಲಿ ಲಾರಿಯೊಳಗೆ ನಾಲ್ಕು ಕಾಲಿನ ಮೇಲೆ ತೋಲ ಹಿಡಿದು ನಿಲ್ಲುವುದು ಕುದುರೆಗೆ ಸವಾರಿಗಿಂತ ದೊಡ್ಡ ದುಡಿಮೆ. ಇಳಿಸಿದ ಮೇಲೆ ಆ ದಿನವಿಡೀ ವಿಶ್ರಾಂತಿ ಕೊಡಲೇಬೇಕು. ಅದೂ ಅಲ್ಲದೆ ನೀವು ಬರುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಡ ಹತ್ತುತ್ತವೆ. ಉಬ್ಬರದ ಗೆರೆಯಿಂದ ಮೇಲಿನ ಒಣ ಮರಳಿನಲ್ಲಿ ಗೂಡು ಇರುವುದರಿಂದ ಅಲ್ಲಿಗೆ ಕುದುರೆಯ ಕಾಲು ಸೋಕಕೂಡದು. ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಪಟ್ಟಿಯಲ್ಲಿ ಮಾತ್ರ ಹೋಗಬೇಕು, ರಂಪಣಿ ಬಲೆ ಎಳೆಯುವವರು ಕಂಡರೆ ಇಳಿದು ಲಗಾಮು ಹಿಡಿದು ನಡೆಯಬೇಕು. ಇಷ್ಟಕ್ಕೂ ಒಪ್ಪಿಗೆಯಿದ್ದರೆ ಒಂದು ಬೆಳಗ್ಗೆ ನೋಡೋಣ ಎಂದಿದ್ದಾರೆ.

ಅದರ ಬದಲು ತಿಂಗಳಿಗೊಮ್ಮೆ ವಿಶೇಷ ಚೇತನ ಮಕ್ಕಳನ್ನು ಕುದುರೆ ಹತ್ತಿಸುವ ಭಾನುವಾರಕ್ಕೆ ಕೈ ಜೋಡಿಸಿದರೆ ನನಗೆ ಹೆಚ್ಚು ಸಂತೋಷ. ಒಂದು ಮಗುವಿಗೆ ಮೂವರು ದೊಡ್ಡವರು ಬೇಕು: ಮುಂದೆ ಹಗ್ಗ ಹಿಡಿದವರೊಬ್ಬರು, ಎರಡೂ ಬದಿಯಲ್ಲಿ ಮಗುವಿನ ತೊಡೆಗೆ ಕೈಯಾನಿಸಿ ನಡೆಯುವವರು ಇಬ್ಬರು. ಕುದುರೆಯ ನಡಿಗೆ ಸವಾರನ ಸೊಂಟವನ್ನು ಮನುಷ್ಯ ನಡೆಯುವಾಗಿನ ಲಯದಲ್ಲಿಯೇ ತೂಗುತ್ತದೆ. ಕಾಲು ಸೆಟೆದುಕೊಂಡ ಹುಡುಗನೊಬ್ಬ ಅಂಗಳದಲ್ಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಬಿಟ್ಟು ಕೂರುವುದನ್ನು ನಾನು ಬದಿಯಲ್ಲಿ ನಡೆಯುತ್ತ ಕಂಡಿದ್ದೇನೆ. ನಮ್ಮಲ್ಲಿ ಕುದುರೆಗಳಿಗೇನೂ ಬರವಿಲ್ಲ, ಬದಿಯಲ್ಲಿ ನಡೆಯುವ ಜನರಿಗೇ ಬರ.

ಈಗ ಕೆಲಸದ ಮಾತು. ನವೆಂಬರಿನ ಎರಡನೆಯ ಶನಿವಾರ, ಭಾನುವಾರ ದಾರಿ ಸವರುವುದು ನಿಶ್ಚಯವಾಗಿದೆ. ಎಂಟೂ ಜನ ಬರಲಾಗದಿದ್ದರೆ ಬಂದವರಷ್ಟೇ ಡಿಸೆಂಬರಿನಲ್ಲಿ ಕುದುರೆ ಏರುತ್ತಾರೆ, ಉಳಿದವರು ನನ್ನೊಡನೆ ನಡೆಯಬಹುದು. ಕೈಗವಸು ತರಲಿ, ಕತ್ತಿ ಇಲ್ಲಿದೆ. ಬೈಕಿನ ಹೆಲ್ಮೆಟ್ ನಡೆಯದು, ಸವಾರಿಯದೇ ಬೇಕು. ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಂತೆ ಸಣ್ಣ ಹಿಮ್ಮಡಿಯಿರುವ ಬೂಟು ಬೇಕು. ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ನಾವು ಹೊರಿಸುವುದಿಲ್ಲ. ನಮ್ಮ ಸಣ್ಣ ಕುದುರೆಗಳು 300 ಕಿಲೋದವು, ಜೀನೇ ಹತ್ತು ಕಿಲೋ ತೂಗುತ್ತದೆ, ಅಲ್ಲಿಗೆ 50 ಕಿಲೋದ ಒಳಗಿನವರಿಗಷ್ಟೇ ಅವು. ದೊಡ್ಡವು ಎರಡೇ ಇವೆ. ನೀನು ಕಳಿಸಿದ ಚಿತ್ರದಲ್ಲಿ ತೋಳು ಉಬ್ಬಿಸಿ ನಿಂತ ಆ ಹುಡುಗನಿಗೆ ಇದನ್ನು ನಯವಾಗಿ ತಿಳಿಸು. ಎಲ್ಲರ ತೂಕವನ್ನೂ, ಸವಾರಿಯ ಅನುಭವವನ್ನೂ ಮುಚ್ಚುಮರೆಯಿಲ್ಲದೆ ಬರೆಸಿ ಈ ತಿಂಗಳ ಕೊನೆಯೊಳಗೆ ಕಳಿಸು. ಯಾರಿಗೆ ಯಾವ ಕುದುರೆ ಎಂದು ನೋಡಿ, ಅಷ್ಟು ದಿನಕ್ಕೆ ಹುಲ್ಲು ಹೇಳಿಡಬೇಕು.

ಇಂತಿ ನಿನ್ನ,
ಆಯಿ