ಮಗಳಿಗೊಂದು ಪತ್ರ: ಚೊಗರಿನ ಬಣ್ಣ

ಪುಟ್ಟಿ,

ನಿನ್ನೆ ಫೋನಲ್ಲಿ ಕೇಳಿದ್ಯಲ್ಲ, "ಅಪ್ಪಯ್ಯ, ನಾನೇನು ತಪ್ಪು ಮಾಡಿದ್ದಕ್ಕೆ ನಂಗೆ ಈ ಕಿಡ್ನಿ ಕಾಯಿಲೆ ಬಂತು" ಅಂತ, ಆಗ ನಂಗೆ ಮಾತೇ ಹೊರಡ್ಲಿಲ್ಲ. ರಾತ್ರಿ ನಿದ್ದೆನೂ ಹತ್ತಲಿಲ್ಲ, ಅದಕ್ಕೇ ಬರೀತಿದೀನಿ.

ಹೋದ ವರ್ಷ ಕೊಯ್ಲಿನ ಟೈಮು ನೆನಪಿದ್ಯಾ? ದೀಪಾವಳಿಗೆ ಅಂತ ತೀರ್ಥಹಳ್ಳಿಗೆ ಬಂದಿದ್ದೆ, ಬಂದವಳಿಗೆ ಗಂಟಲು ನೋವು, ಜ್ವರ. ಮಾರನೇ ದಿನ ಬೆಳಿಗ್ಗೆ ನಾನು ಅಡಿಕೆ ಬೇಯಿಸೋ ಹಂಡೆ ಹತ್ರ ಇದ್ದೆ, ನೀನು ಬಂದು ಸುಮ್ನೆ ಹಂಡೆ ಒಳಗಿನ ಚೊಗರನ್ನೇ, ಅಡಿಕೆ ಬೆಂದ ಆ ಕಂದುಗೆಂಪು ನೀರನ್ನೇ ನೋಡ್ತಾ ನಿಂತೆ, ಆಮೇಲೆ ಮೆಲ್ಲಗೆ "ಅಪ್ಪಯ್ಯ, ನಂಗೆ ಮೂತ್ರ ಈ ಚೊಗರಿನ ಬಣ್ಣದಲ್ಲೇ ಹೋಗ್ತಿದೆ" ಅಂದೆ. ಒಲೆ ಹಾಗೇ ಉರೀತಿತ್ತು, ನಾನು ಕೈ ಕೂಡ ತೊಳೀದೆ ಗಾಡಿ ತೆಗೆದೆ.

ಅಜ್ಜಿ ಇವತ್ತಿಗೂ ಆಗುಂಬೇಲಿ ಮಳೇಲಿ ನೆಂದಿದ್ದಕ್ಕೇ ಅಂತಾರೆ, ನಿನ್ನಮ್ಮ ಹಾಸ್ಟೆಲ್ ಊಟ ಅಂತಾಳೆ. ಎರಡೂ ಅಲ್ಲ ಕಂದ. ಕಿಡ್ನಿ ಚೂರು ತೆಗೆದು ನೋಡೋ ಬಯಾಪ್ಸೀಲಿ ಐಜಿಎ ನೆಫ್ರೋಪಥಿ ಅಂತ ಬಂದ್ಮೇಲೆ ನಾನು ಡಾಕ್ಟ್ರ ಹತ್ರ ಮೂರು ಮೂರು ಸಲ ಕೇಳಿ ತಿಳ್ಕೊಂಡೆ. 1968ರಲ್ಲಿ ಪ್ಯಾರಿಸ್‌ನ ಜೀನ್ ಬರ್ಜರ್ ಅನ್ನೋರು ಇದನ್ನ ಮೊದಲು ಗುರುತಿಸಿದ್ದಂತೆ. ಐಜಿಎ ಅಂದ್ರೆ ಗಂಟಲು, ಕರುಳು ಇಲ್ಲೆಲ್ಲ ಕಾವಲು ಕಾಯೋ ಪ್ರೋಟೀನು. ಕೆಲವರ ಮೈಯಲ್ಲಿ ಅದರ ಒಂದಷ್ಟಕ್ಕೆ ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಸರಿಯಾಗಿ ಕೂರಲ್ಲ, ಆಗ ಮೈಯೇ ಅದನ್ನ ಹೊರಗಿನದು ಅಂತ ತಿಳ್ಕೊಂಡು ಅದರ ವಿರುದ್ಧ ಹೋರಾಡೋ ಆಂಟಿಬಾಡಿ ಮಾಡುತ್ತೆ, ಎರಡೂ ಗಂಟು ಕಟ್ಕೊಂಡು ರಕ್ತದ ಜೊತೆ ಹೋಗಿ ಕಿಡ್ನಿ ಸೋಸೋ ಜಾಗದಲ್ಲಿ ಸಿಕ್ಕಿ ಕೂರುತ್ತೆ. ಒಂದೊಂದು ಕಿಡ್ನೀಲೂ ಅಂಥ ಜರಡಿ ಸುಮಾರು 10 ಲಕ್ಷ ಇದಾವಂತೆ. ಅಲ್ಲಿ ಬಾವು ಬಂದ್ರೆ ರಕ್ತ, ಪ್ರೋಟೀನು ಸೋರೋಕೆ ಶುರು.

ಗಂಟಲಿಗೆ ಇನ್ಫೆಕ್ಷನ್ ಆದಾಗ ಈ ಐಜಿಎ ಜಾಸ್ತಿ ಆಗುತ್ತೆ, ಅದಕ್ಕೇ ಒಂದೆರಡು ದಿನದಲ್ಲೇ ಬಣ್ಣ ತಿರುಗಿದ್ದು. ಮಕ್ಕಳಿಗೆ ಬರೋ ಇನ್ನೊಂದು ಕಿಡ್ನಿ ಬಾವು ಇದೆ, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ್ದು, ಅದು ಗಂಟಲು ನೋವಾಗಿ 1ರಿಂದ 3 ವಾರ ಕಳೆದ ಮೇಲೆ ಕಾಣಿಸ್ಕೊಳ್ಳುತ್ತೆ. ಡಾಕ್ಟ್ರು "ನೋವು ಶುರುವಾಗಿದ್ದು ಯಾವತ್ತು" ಅಂತ ಪದೇ ಪದೇ ಕೇಳಿದ್ದು ಅದಕ್ಕೇ.

ಹಂಗಂತ ಗಂಟಲು ನೋವೇ ಕಾಯಿಲೆ ತಂತು ಅಂತಲ್ಲ. ನಿನ್ನ ರೂಮಿನ ಹುಡುಗೀರಿಗೂ ಅದೇ ವಾರ ಕೆಮ್ಮು ನೆಗಡಿ ಇತ್ತಲ್ಲ, ಅವರಿಗೇನಾಯ್ತು? ಮಳೆ ಎಲ್ಲರ ತೋಟಕ್ಕೂ ಸುರಿಯುತ್ತೆ, ಕೊಳೆರೋಗ ಎಲ್ಲ ಮರಕ್ಕೂ ಹತ್ತಲ್ಲ. ಒಳಗೆ ಮೊದಲೇ ಇದ್ದದ್ದನ್ನ ಅದು ಎಬ್ಬಿಸ್ತು ಅಷ್ಟೇ, ನೀನು ಮಾಡಿದ್ದು ಅದರಲ್ಲಿ ಏನೂ ಇಲ್ಲ.

ಒಂದು ಮಾತ್ರ ಕೇಳು. ಅತ್ತೆ ಮಗಳು ಕೊಟ್ಟ ಬೆಳ್ಳಗಾಗೋ ಕ್ರೀಮು ಇವತ್ತೇ ಎಸೆದುಬಿಡು. ಪಾದರಸ ಇರೋ ಅಂಥ ಕ್ರೀಮಿಂದ ಮೆಂಬ್ರೇನಸ್ ನೆಫ್ರೋಪಥಿ ಅನ್ನೋ ಬೇರೆ ಕಿಡ್ನಿ ಕಾಯಿಲೆ ಬಂದಿದ್ದನ್ನ 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಡಾಕ್ಟ್ರುಗಳು ಕಂಡುಹಿಡಿದ್ರು. ನಿನ್ನ ಕಾಯಿಲೆ ಅದಲ್ಲ, ಆದ್ರೆ ಇರೋ ಕಿಡ್ನಿಗೆ ಇನ್ನೊಂದು ಹೊರೆ ಯಾಕೆ? ಊರಲ್ಲಿ ಯಾರೋ ಭಸ್ಮದ ಔಷಧಿ ಕೊಡ್ತಾರಂತೆ, ಅದೂ ಬೇಡ ಅಂತ ನಾನೇ ಹೇಳಿ ಕಳಿಸಿದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನ ಪೇನ್ ಕಿಲ್ಲರ್ ನುಂಗ್ಬೇಡ. ಬಿಪಿ ಮಾತ್ರೆ ತಪ್ಪಿಸ್ಬೇಡ, ಅದು ಬಿಪಿಗೆ ಮಾತ್ರ ಅಲ್ಲ, ಪ್ರೋಟೀನು ಸೋರೋದನ್ನೂ ಕಮ್ಮಿ ಮಾಡುತ್ತೆ.

ಅಪ್ಪೆಮಿಡಿ ಉಪ್ಪಿನಕಾಯಿ ಈ ಸಲ ಕಳಿಸಲ್ಲ, ಉಪ್ಪು ಜಾಸ್ತಿ. ನಿನ್ನಮ್ಮ ಭರಣಿ ಮುಚ್ಚಿ ಅಟ್ಟಕ್ಕಿಟ್ಟಿದಾಳೆ, ಅವಳೂ ಊಟಕ್ಕೆ ಹಾಕ್ಕೊಳ್ತಿಲ್ಲ.

ಗಂಟಲು ಕೆರೆದ ದಿನವೇ ಫೋನ್ ಮಾಡು, ರಾತ್ರಿ ಎಷ್ಟೊತ್ತಾದ್ರೂ ಸರಿ.

ಅಪ್ಪಯ್ಯ